ಕಾರಿನ ಸೀಟಿಗೆ ತೋಳು ಬಂದದ್ದು

ಸಾನ್ ತಾದೇವೊ ಊರಿನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಎವಾರಿಸ್ತೊ ಬುಸ್ತಾಮಾಂತೆ ಬಹಳ ಸಾಧು ಮನುಷ್ಯ. ದಾರಿಯಲ್ಲಿ ಇರುವೆ ಸಾಲು ಕಂಡರೆ ನಿಂತು, ದಾಟಿಕೊಂಡು ಹೋಗುತ್ತಿದ್ದ. ಮಾಂಸದಂಗಡಿಯಲ್ಲಿ ತನ್ನ ಹಿಂದೆ ಬಂದವರಿಗೆಲ್ಲ ಮುಂದೆ ಜಾಗ ಬಿಟ್ಟು, ಕೊನೆಗೆ ಉಳಿದ ಮೂಳೆ ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದ. ಇಂಥವನಿಗೆ ದೇವರು ಒಂದೇ ಒಂದು ಹುಚ್ಚು ಕೊಟ್ಟಿದ್ದ. ಬೆಟ್ಟದ ರಸ್ತೆಯ ತಿರುವಿನಲ್ಲಿ ಕಾರಿನ ವೇಗ ತಗ್ಗಿಸುವುದು ಮಾನವಂತರು ಮಾಡುವ ಕೆಲಸವಲ್ಲ ಎಂದು ಅವನು ನಂಬಿಬಿಟ್ಟಿದ್ದ.

ನೇರ ರಸ್ತೆಯಲ್ಲಿ ಅವನ ಹಳದಿ ಕಾರನ್ನು ಕೋಳಿ ತುಂಬಿದ ಲಾರಿಗಳು ಕೂಡ ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದವು. ಎವಾರಿಸ್ತೊ ಟೋಪಿ ಎತ್ತಿ ಕೋಳಿಗಳಿಗೆ ಮರ್ಯಾದೆ ಸಲ್ಲಿಸುತ್ತಿದ್ದ. ಆದರೆ ತಿರುವು ಬಂತೋ, ಕಥೆ ಮುಗಿಯಿತು. ಹುಬ್ಬು ಗಂಟಿಕ್ಕುತ್ತಿತ್ತು, ನಾಲಗೆಯ ತುದಿ ಹೊರಗೆ ಬರುತ್ತಿತ್ತು, ಟೈರುಗಳು ಹೆರಿಗೆ ನೋವು ಬಂದವರ ಹಾಗೆ ಚೀರುತ್ತಿದ್ದವು. ತಿರುವು ದಾಟಿದ ಮೇಲೆ ಮತ್ತೆ ಅದೇ ಸಾಧು ಮನುಷ್ಯ.

ಈ ಹುಚ್ಚು ಹತ್ತಿದ್ದು ಕಾರ್ ರ‍್ಯಾಲಿ ನಮ್ಮ ಬೆಟ್ಟದ ಮೇಲೆ ಹಾದುಹೋದ ವರ್ಷ. ಊರಿಗೆ ಊರೇ ಮಾಂಸ ಸುಡುವ ಜಾಲರಿ, ಮಡಿಸುವ ಕುರ್ಚಿ, ಅಜ್ಜಿಯರು, ಎಲ್ಲವನ್ನೂ ಹೊತ್ತುಕೊಂಡು ತಿರುವುಗಳ ಪಕ್ಕದಲ್ಲಿ ಬಿಡಾರ ಹೂಡಿತ್ತು. ಎವಾರಿಸ್ತೊಗೆ ಒಂದು ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸ ಸಿಕ್ಕಿತು. ಅಲ್ಲಿಗೆ ಸರಿಯಾಗಿ ಒಂದು ಕಾರು ಕೆಟ್ಟು ನಿಂತಿತು. ಅದರ ಚಾಲಕ ಪೊದೆಯ ಮರೆಗೆ ಹೋಗಿ ಬರುವಷ್ಟರಲ್ಲಿ ಇವನು ಅದರ ಸೀಟಿನಲ್ಲಿ ಕೂತು ನೋಡಿಬಿಟ್ಟ. ಆ ಸೀಟಿಗೆ ಎರಡೂ ಪಕ್ಕಗಳಲ್ಲಿ ಎತ್ತರದ ದಿಂಬುಗಳಿದ್ದವು. ಅವು ಸೊಂಟವನ್ನೂ ಪಕ್ಕೆಯನ್ನೂ ಗಟ್ಟಿಯಾಗಿ ಹಿಡಿದುಕೊಂಡವು. ಚಾಲಕ ಬಂದು ಬೈದು ಎಬ್ಬಿಸಿದ, ಆದರೆ ಎದ್ದು ಬಂದವನು ಬೇರೆಯೇ ಎವಾರಿಸ್ತೊ.

ಅವನ ಸ್ವಂತ ಕಾರಿನ ಸೀಟಾದರೋ ಉದ್ಯಾನದ ಬೆಂಚಿನ ಹಾಗೆ ಚಪ್ಪಟೆ. ಮೇಲೆ ರೆಕ್ಸಿನ್ ಬೇರೆ, ಎಣ್ಣೆ ಹಚ್ಚಿದಂತೆ ನುಣುಪು. ನಮ್ಮ ಕಡೆ ಕಾರಿನ ಸ್ಟಿಯರಿಂಗ್ ಎಡಕ್ಕಿರುತ್ತದೆ, ಹಾಗಾಗಿ ಎಡ ತಿರುವಿನಲ್ಲಿ ಬಲಗಡೆ ಕೂತ ಅವನ ಹೆಂಡತಿ ನೇಲಿದಾ ಹೋಗಿ ಬಾಗಿಲಿಗೆ ಬಡಿಯುತ್ತಿದ್ದಳು, ಬಲ ತಿರುವಿನಲ್ಲಿ ಬಂದು ಗಂಡನ ಮೇಲೆ ಬೀಳುತ್ತಿದ್ದಳು. ಇಷ್ಟಾದರೂ ಅವಳು ಕೈಯಲ್ಲಿರುವುದನ್ನು ಬಿಡುವಂತಿರಲಿಲ್ಲ. ನಮ್ಮ ಕಡೆ ಕಾರು ಓಡಿಸುವವನ ಪಕ್ಕ ಕೂತವರಿಗೆ ಒಂದು ಧರ್ಮವಿದೆ. ಬಿಸಿನೀರಿನ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು, ಸೋರೆ ಬುರುಡೆಯಲ್ಲಿರುವ, ಚಹಾದಂಥ ಮಾಟೆ ಸೊಪ್ಪಿಗೆ ನೀರು ಹೊಯ್ದು, ಹೀರುವ ಕೊಳವೆಯನ್ನು ಅವನ ತುಟಿಯ ಕಡೆಗೆ ತಿರುಗಿಸಿ ಕೊಡುತ್ತಾ ಹೋಗಬೇಕು. ಮದುವೆಯಾದಾಗಿನಿಂದ ನೇಲಿದಾ ಕೊಟ್ಟ ಮಾಟೆ ಕುಡಿಯದೆ ಎವಾರಿಸ್ತೊ ಒಂದು ಬೆಟ್ಟವನ್ನೂ ದಾಟಿದವನಲ್ಲ. ಒಬ್ಬನೇ ಕಾರು ಓಡಿಸಿಕೊಂಡು ಹೋಗುವವನನ್ನು ಕಂಡರೆ ನಮ್ಮೂರಿನ ಹೆಂಗಸರು ಈಗಲೂ ‘ಅಯ್ಯೋ ಪಾಪ’ ಅನ್ನುತ್ತಾರೆ.

ಒಂದು ಭಾನುವಾರ, ಪಾದ್ರಿಯ ಮೊಳಕೈ ಎಂದು ಕರೆಯುವ ಬಲ ತಿರುವಿನಲ್ಲಿ, ನೇಲಿದಾ, ಫ್ಲಾಸ್ಕು, ಬುರುಡೆ ಮತ್ತು ಒಂದು ತಟ್ಟೆ ಸಿಹಿ ಕಡುಬು, ಎಲ್ಲ ಒಟ್ಟಿಗೆ ಎವಾರಿಸ್ತೊನ ತೊಡೆಯ ಮೇಲೆ ಬಂದವು. ಅವನು ಹಾಕಿದ ಕೂಗಿಗೆ ಬೆಟ್ಟದ ಆಡುಗಳು ಚದುರಿ ಓಡಿದವು.

ಮನೆಗೆ ಬಂದು ಅವನ ತೊಡೆಗೆ ಮುಲಾಮು ಹಚ್ಚುತ್ತಾ ನೇಲಿದಾ ಹೇಳಿದಳು: “ಸಾಕಪ್ಪಾ ಮುದುಕಾ. ಬರೋ ವಾರ ಮೊಮ್ಮಗನ ದೀಕ್ಷಾಸ್ನಾನಕ್ಕೆ ನಾನು ಬಸ್ಸಲ್ಲಿ ಹೋಗ್ತೀನಿ. ನೀನು ನಿನ್ನ ಕಾರಲ್ಲಿ ಬಾ.”

“ಬಸ್ಸಲ್ಲಾ? ಮತ್ತೆ ಮಾಟೆ?”

“ನಿನ್ನ ತಿರುವುಗಳ ಕೈಲಿ ಮಾಡಿಸ್ಕೊಂಡು ಕುಡಿ.”

ಅವಳು ಕೂಗಾಡಿದ್ದರೆ ಅವನು ಹೆದರುತ್ತಿರಲಿಲ್ಲ. ಮೆಲ್ಲಗೆ, ಮುಲಾಮು ಹಚ್ಚುವುದನ್ನು ನಿಲ್ಲಿಸದೆ ಹೇಳಿದಳು. ಅದಕ್ಕೇ ಹೆದರಿದ. ಮಗಳು ಇರುವುದು ಬೆಟ್ಟದ ಆಚೆ, ಕೋರ್ದೊಬಾದಲ್ಲಿ. ಮೊದಲ ಮೊಮ್ಮಗ. ಅಜ್ಜಿ ಬಸ್ಸಿನಿಂದ ಇಳಿಯುವುದು, ಅಜ್ಜ ಒಬ್ಬನೇ ಕಾರಿನಿಂದ ಇಳಿಯುವುದು, ಬೀಗರು ಚರ್ಚಿನ ಮೆಟ್ಟಿಲ ಮೇಲೆ ನಿಂತು ನೋಡುವುದು! ಪಕ್ಕದ ಖಾಲಿ ಸೀಟನ್ನು ನೆನೆಸಿಕೊಂಡು ಎವಾರಿಸ್ತೊ ತನಗೆ ತಾನೇ ‘ಅಯ್ಯೋ ಪಾಪ’ ಅಂದುಕೊಂಡ.

ನಿಧಾನವಾಗಿ ಓಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬುದ್ಧಿ ನೆಟ್ಟಗಿರುವ ಯಾರಾದರೂ ಕೇಳುತ್ತಾರೆ. ಆದರೆ ಎವಾರಿಸ್ತೊ ರಾತ್ರಿಯಿಡೀ ಯೋಚಿಸಿ ಕಂಡುಕೊಂಡ ಸತ್ಯ ಬೇರೆ. ತಪ್ಪು ವೇಗದ್ದಲ್ಲ, ಸೀಟಿನದು. ಸೀಟಿಗೆ ತೋಳು ಬರಬೇಕು. ಆ ತೋಳುಗಳು ನೇಲಿದಾಳನ್ನು ಎಷ್ಟು ಭದ್ರವಾಗಿ ಹಿಡಿಯಬೇಕೆಂದರೆ, ಪಾದ್ರಿಯ ಮೊಳಕೈಯಲ್ಲೂ ಅವಳು ಒಂದು ತೊಟ್ಟು ಚೆಲ್ಲದೆ ಮಾಟೆ ಹೊಯ್ಯಬೇಕು. ಶನಿವಾರ ಬೆಳಿಗ್ಗೆ ಅವಳು ಬಸ್ಸಿಗೆಂದು ಹೊರಗೆ ಬಂದಾಗ ಸೀಟು ತೋರಿಸಬೇಕು, ಅವಳು ಹತ್ತಿ ಕೂರಬೇಕು. ಅಲ್ಲಿಯವರೆಗೆ ಗುಟ್ಟು.

ತೋಳಿನೊಳಗೆ ಏನು ತುಂಬುವುದು? ಸ್ಪಂಜು ಮೆತ್ತಗಾಯಿತು, ಹುಲ್ಲು ಚುಚ್ಚಿತು, ಹಳೆಯ ಬಟ್ಟೆ ಒಂದು ಕಡೆಗೆ ಜಗ್ಗಿತು. ಆಗ ಅವನಿಗೆ ಹೊಳೆದದ್ದು ಉಣ್ಣೆ. ಅದೂ ಮನೆಯದೇ ಉಣ್ಣೆ. ಅವರ ಮದುವೆಯ ಹಾಸಿಗೆ ಆ ವಾರ ಹಾಸಿಗೆ ಹೊಲಿಯುವ ದೋನ್ ಫೆರ್ಮೀನ್ ಲುದ್ವೇನ್ಯಾನ ಕೊಟ್ಟಿಗೆಯಲ್ಲಿತ್ತು. ವರ್ಷಕ್ಕೊಮ್ಮೆ ಬಿಚ್ಚಿ, ಕೋಲಿನಿಂದ ಬಡಿದು, ಬಿಸಿಲಿಗೆ ಹಾಕಿ ಮತ್ತೆ ಹೊಲಿಯುವುದು ಅವನ ಕಸುಬು.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಮದುವೆಯ ಹಾಸಿಗೆಗೆ ಎರಡು ಮನೆಗಳಿಂದ ಉಣ್ಣೆ ಬರುತ್ತದೆ, ಹೆಣ್ಣಿನ ಮನೆಯದು ಒಂದು ಪದರ, ಗಂಡಿನ ಮನೆಯದು ಇನ್ನೊಂದು. ನೇಲಿದಾಳ ಅಪ್ಪ ಕೊಟ್ಟದ್ದು ಬೆಟ್ಟದ ಕುರಿಯ ಬಿಳಿ ಉಣ್ಣೆ, ಬೆಣ್ಣೆಯಂಥದ್ದು. ಎವಾರಿಸ್ತೊನ ಅಮ್ಮ ಬಯಲುಸೀಮೆಯಿಂದ ರೈಲಿನಲ್ಲಿ ಕಳಿಸಿದ್ದು ಕಂದು ಉಣ್ಣೆ, ಗಡುಸು, ಆ ತಾಯಿಯ ಹಾಗೆಯೇ. ಗಂಡ ಹೆಂಡತಿ ಬೇರೆಯಾಗುವ ಕಾಲ ಬಂದರೆ ನಮ್ಮವರು ಯಾರೂ ಕೋರ್ಟಿಗೆ ಹೋಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಫೆರ್ಮೀನನ ಕೊಟ್ಟಿಗೆಗೆ ಹೋಗಿ ‘ನಮ್ಮ ಮನೆ ಉಣ್ಣೆ ಕೊಡು’ ಅನ್ನುತ್ತಾರೆ. ಅಷ್ಟೇ. ಸಂಸಾರ ಮುಗಿಯಿತು. ಈ ವಿಷಯವನ್ನು ಊರಿನವರು ಹೊರಗಿನವರೆದುರು ಆಡುವುದಿಲ್ಲ. ಎವಾರಿಸ್ತೊ ಬಂದು ಮೂವತ್ತು ವರ್ಷವಾಗಿದ್ದರೂ ಊರಿನ ಮಟ್ಟಿಗೆ ನಿನ್ನೆ ತಾನೇ ಬಂದವನು. ಹಾಗಾಗಿ ಅವನಿಗೆ ಗೊತ್ತಿರಲಿಲ್ಲ.

ಸೋಮವಾರ ಅವನು ಕಳ್ಳನ ಹಾಗೆ ಕೊಟ್ಟಿಗೆಗೆ ನುಗ್ಗಿ ಬಾಗಿಲು ಮುಂದೆ ಮಾಡಿದ.

“ದೋನ್ ಫೆರ್ಮೀನ್, ನಮ್ಮ ಹಾಸಿಗೆ ಬಿಚ್ಚಿದ್ರಾ?”

“ಬಿಚ್ಚಿದೀನಿ. ಬಿಸಿಲಿಗೆ ಹಾಕ್ಬೇಕು. ಯಾಕೆ?”

“ನಮ್ಮಮ್ಮನ ಉಣ್ಣೆ ಇದೆಯಲ್ಲ, ಆ ಕಂದುದು, ಅದು ನಂಗೆ ಬೇಕು. ವಾಪಸ್ ಹೊಲೀಬೇಡಿ.”

ಫೆರ್ಮೀನನ ಕೈಯಲ್ಲಿದ್ದ ಕೋಲು ಗಾಳಿಯಲ್ಲೇ ನಿಂತಿತು. “ಪೂರ್ತಿನಾ?”

“ಪೂರ್ತಿ.”

“ನೇಲಿದಾಗೆ ಗೊತ್ತಾ?”

“ಅಯ್ಯಯ್ಯೋ, ಗೊತ್ತಾಗಲೇಬಾರದು! ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಬಿಡ್ಬೇಡಿ. ಶನಿವಾರ ಬೆಳಿಗ್ಗೆ ಅವಳೇ ನೋಡ್ಕೊಳ್ಳಲಿ.”

ಫೆರ್ಮೀನ್ ಮೆಲ್ಲಗೆ ಸ್ಟೂಲಿನ ಮೇಲೆ ಕುಕ್ಕರಿಸಿದ. ಈ ಹಾಸಿಗೆಯನ್ನು ಮೊದಲ ಸಲ ಹೊಲಿದವನೂ ಅವನೇ. “ಇಷ್ಟು ವರ್ಷ ಆದ್ಮೇಲೆ ಯಾಕಪ್ಪಾ ಎವಾರಿಸ್ತೊ?”

“ಇಷ್ಟು ವರ್ಷ ತಡ್ಕೊಂಡಿದ್ದೇ ಹೆಚ್ಚು. ಹಿಂಗೇ ಬಿಟ್ರೆ ಇಬ್ರಿಗೂ ಪೆಟ್ಟು. ನಿನ್ನೆ ಕುದಿಯೋ ನೀರು ತೊಡೆ ಮೇಲೆ ಬಿತ್ತು, ತೋರಿಸ್ಲಾ?”

“ನೇಲಿದಾ ಹೊಯ್ದಳಾ?”

“ಮತ್ಯಾರು ಹೊಯ್ತಾರೆ? ಪಾಪ, ಅವಳದೇನೂ ತಪ್ಪಿಲ್ಲ ಬಿಡಿ. ಅವಳಿಗೊಂದು ಜಾಗ, ನಂಗೊಂದು ಜಾಗ, ಮಧ್ಯೆ ಗಟ್ಟಿಯಾಗಿ ಒಂದು ತಡೆ. ಮೊದಲೇ ಮಾಡ್ಬೇಕಾಗಿತ್ತು ನಾನು.”

ಫೆರ್ಮೀನ್ ಮೂಗು ಒರೆಸಿಕೊಂಡು, ನಾಳೆ ಸಂಜೆ ಚೀಲ ತೆಗೆದುಕೊಂಡು ಹೋಗು ಎಂದ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದ ತನ್ನ ಹೆಂಡತಿಗೆ ಬಿಟ್ಟು ಇನ್ನಾರಿಗೂ ಹೇಳಲಿಲ್ಲ. ಅವಳು ತಂಗಿಗೆ ಬಿಟ್ಟು ಇನ್ನಾರಿಗೂ ಹೇಳಲಿಲ್ಲ. ಹೀಗೆ ಯಾರೂ ಯಾರಿಗೂ ಹೇಳದೆ ಮಂಗಳವಾರ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿ, ಊರು ಅಂದು ನಿದ್ದೆ ಮಾಡಲಿಲ್ಲ.

ಚೀಲ ತಂದು ಬಿಚ್ಚಿದಾಗ ಎವಾರಿಸ್ತೊಗೆ ಸ್ವಲ್ಪ ಬೇಸರವಾಯಿತು. ಉಣ್ಣೆ ಬೆಳ್ಳಗಿತ್ತು, ಕೈ ಇಟ್ಟರೆ ಒಳಗೆ ಇಳಿಯುತ್ತಿತ್ತು. ಬಡಿದು ಬಡಿದು ಬಣ್ಣ ಬಿಟ್ಟಿರಬೇಕು ಎಂದುಕೊಂಡ. ಮುದ್ರೆ ಒತ್ತುವವನಿಗೆ ಉಣ್ಣೆಯ ವಿಚಾರ ಎಷ್ಟು ಗೊತ್ತಿರುತ್ತದೆ? ಮೆತ್ತಗಿದ್ದರೆ ಇನ್ನಷ್ಟು ತುರುಕಿದರಾಯಿತು ಎಂದು ಕ್ಯಾನ್ವಾಸಿನ ಚೀಲಗಳನ್ನು ಕತ್ತರಿಸಿ, ದಬ್ಬಣ ಹಿಡಿದು ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಕೂತ. ತುರುಕಿದ, ಹೊಲಿದ, ಕೂತು ನೋಡಿದ, ಬಿಚ್ಚಿ ಇನ್ನೂ ತುರುಕಿದ. ಬುಧವಾರದ ಹೊತ್ತಿಗೆ ಎರಡೂ ಸೀಟುಗಳಿಗೆ ಪೈಲ್ವಾನನ ತೋಳುಗಳಂಥ ತೋಳುಗಳು ಬಂದವು.

ಪರೀಕ್ಷೆಗೆ ಒಬ್ಬರು ಬೇಕಲ್ಲ? ನೇಲಿದಾಳಷ್ಟೇ ತೂಕದ ಆಲೂಗಡ್ಡೆ ಮೂಟೆಯೊಂದನ್ನು ಅವಳ ಸೀಟಿನಲ್ಲಿ ಕೂರಿಸಿದ. ಮೂಟೆಯ ಬಾಯಿ ಕಟ್ಟಲು ಕೈಗೆ ಸಿಕ್ಕಿದ್ದು ಒಂದು ಹೂವಿನ ತಲೆವಸ್ತ್ರ. ಅದನ್ನೇ ಕಟ್ಟಿದ. ಗುರುವಾರ ಸಂಜೆ ಊರಾಚೆಯ ತಿರುವಿನಲ್ಲಿ ಹೋಗಿ ಬಂದು ಮಾಡಿದ. ಮೂಟೆ ಅಲ್ಲಾಡಲಿಲ್ಲ. ಸಂತೋಷ ತಡೆಯಲಾರದೆ ಎವಾರಿಸ್ತೊ ಅದರ ಹೆಗಲ ಮೇಲೆ ಕೈ ಹಾಕಿ “ಭಲೆ ನನ್ನ ರಾಣಿ!” ಎಂದು ಅಪ್ಪಿಕೊಂಡ.

ಅದೇ ಹೊತ್ತಿಗೆ ಅವನ ಪಕ್ಕದ ಮನೆಯ ವಿಧವೆ ದೋನ್ಯಾ ಚೋಲಾ ಸಮಾಧಿಗೆ ಹೂವಿಟ್ಟು ಹಿಂದಿರುಗುತ್ತಿದ್ದಳು. ಅವಳಿಗೆ ದೂರದ ದೃಷ್ಟಿ ಮಂದ, ಆದರೆ ಊಹೆ ಬಲು ಚುರುಕು.

“ದಪ್ಪ ಹೆಂಗಸು ಕಣ್ರೇ,” ಎಂದು ಅವಳು ಮಾಂಸದಂಗಡಿಯಲ್ಲಿ ಏದುಸಿರು ಬಿಡುತ್ತಾ ಹೇಳಿದಳು. “ಹೂವಿನ ತಲೆವಸ್ತ್ರ. ಕತ್ತೇ ಇಲ್ಲ. ಅವನು ಅಪ್ಕೋತಾನೆ, ಅವಳು ಕಲ್ಲಿನ ಹಾಗೆ ಕೂತಿದಾಳೆ! ನಾಚಿಕೆ ಅನ್ನೋದು ಬೇಡ್ವಾ!”

ಆ ಅಂಗಡಿ ನೇಲಿದಾಳ ಅಣ್ಣ ರೊಹೇಲಿಯೊನದು. ಅವನು ಮಚ್ಚು ಎತ್ತಿ ಒಂದು ಪಕ್ಕೆಮೂಳೆಯನ್ನು ಅಗತ್ಯಕ್ಕಿಂತ ಹೆಚ್ಚು ತುಂಡು ಮಾಡಿದ.

ಶುಕ್ರವಾರ ಎವಾರಿಸ್ತೊ ಅಲ್ಲಿಗೆ ಹೋದಾಗ ಜನ ಎರಡು ಭಾಗವಾಗಿ ಸರಿದು ದಾರಿ ಬಿಟ್ಟರು. ಜೀವಮಾನದಲ್ಲಿ ಮೊದಲ ಸಲ ಅವನು ಸಾಲಿನ ಮುಂದಿದ್ದ. ಸೀಟಿನ ಗುಟ್ಟು ಹೇಗೋ ಹೊರಬಿದ್ದಿದೆ, ಊರಿಗೆ ತನ್ನ ಮೇಲೆ ಗೌರವ ಬಂದಿದೆ ಎಂದು ಅವನು ತಿಳಿದುಕೊಂಡ. ಕಚೇರಿಗೆ ಬಂದರೆ ಕಿಟಕಿಯ ಆಚೆ ಪಾದ್ರಿ ಫಾದರ್ ಅನ್ಸೆಲ್ಮೊ ಮತ್ತು ಊರಿನ ನ್ಯಾಯಾಧೀಶ ದೋನ್ ಬಾಲ್ತಸಾರ್ ಜೊತೆಯಾಗಿ ನಿಂತಿದ್ದರು. ಇಬ್ಬರೂ ಒಂದೇ ಅಂಚೆಚೀಟಿ ಕೇಳಿದರು.

“ಎವಾರಿಸ್ತೊ, ವಿಷಯ ಕಿವಿಗೆ ಬಿತ್ತು,” ಎಂದು ನ್ಯಾಯಾಧೀಶರು ಗಂಟಲು ಸರಿಮಾಡಿಕೊಂಡರು. “ಈ ವಯಸ್ಸಲ್ಲಿ ಇದು ಬೇಕಿತ್ತೇನಪ್ಪಾ?”

ಎವಾರಿಸ್ತೊ ನಾಚಿದ. “ಈ ವಯಸ್ಸಲ್ಲೇ ಬೇಕಾಗೋದು ಸಾರ್. ಸೊಂಟಕ್ಕೆ ಮೊದಲಿನ ಹಾಗೆ ಬಲ ಇರಲ್ಲ ನೋಡಿ. ಹಿಡ್ಕೊಳ್ಳೋಕೆ ಏನಾದ್ರೂ ಇದ್ರೆ ತಿರುವಲ್ಲೂ ಒಂದು ಧೈರ್ಯ.”

ನ್ಯಾಯಾಧೀಶರು ಪಾದ್ರಿಯ ಮುಖ ನೋಡಿದರು. ಪಾದ್ರಿ ಚಾವಣಿ ನೋಡಿದರು.

“ಮಗಾ, ನೇಲಿದಾ ಜೊತೆ ಕೂತು ಮಾತಾಡಿದ್ಯಾ?”

“ಇಲ್ಲ ಫಾದರ್, ಶನಿವಾರ ಒಂದೇ ಸಲ ಗೊತ್ತಾಗ್ಲಿ ಅಂತ.”

“ಮೊಮ್ಮಗನ ದೀಕ್ಷಾಸ್ನಾನಕ್ಕೆ ಹೊರಡೋ ದಿನಾನಾ!”

“ಅದಕ್ಕಿಂತ ಒಳ್ಳೇ ದಿನ ಯಾವುದಿದೆ ಫಾದರ್? ಬೀಗರೂ ನೋಡ್ತಾರೆ, ನೆಂಟರಿಷ್ಟರೂ ನೋಡ್ತಾರೆ. ನಿಮಗೂ ಒಂದು ಮಾಡ್ಕೊಡ್ಲಾ?”

ಫಾದರ್ ಅನ್ಸೆಲ್ಮೊ ಶಿಲುಬೆಯ ಗುರುತು ಹಾಕಿಕೊಂಡು, ಅಂಚೆಚೀಟಿ ಅಲ್ಲೇ ಮರೆತು ಹೊರಟುಹೋದರು. ತಮ್ಮ ಕಾರಿನ ಸೀಟು ಎಷ್ಟು ಕೆಟ್ಟದಿದೆ ಎಂದು ನೆನಪಾಗಿ ಅವರಿಗೆ ದುಃಖವಾಗಿರಬೇಕು ಎಂದುಕೊಂಡ ಎವಾರಿಸ್ತೊ.

ಮನೆಯಲ್ಲಿ ಮಾತ್ರ ಎಲ್ಲವೂ ಮೊದಲಿಗಿಂತ ಚೆನ್ನಾಗಿತ್ತು. ನೇಲಿದಾ ಅವನಿಗೆ ಇಷ್ಟವೆಂದು ಜೋಳ, ಕುಂಬಳಕಾಯಿ ಹಾಕಿ ಗಟ್ಟಿ ಸಾರು ಮಾಡಿದ್ದಳು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟಳು. ಬೀರುವಿನಲ್ಲಿದ್ದ ಶರ್ಟುಗಳನ್ನೆಲ್ಲ ಇಸ್ತ್ರಿ ಮಾಡಿದಳು. ಮುಖ ಸ್ವಲ್ಪ ಊದಿಕೊಂಡಿತ್ತು. ಕೇಳಿದರೆ ಈರುಳ್ಳಿ ಹೆಚ್ಚಿದೆ ಅಂದಳು. ಸಾರಿನಲ್ಲಿ ಈರುಳ್ಳಿ ಇರಲಿಲ್ಲ. ಎವಾರಿಸ್ತೊ ಎರಡು ತಟ್ಟೆ ಹಾಕಿಸಿಕೊಂಡು ಉಂಡು, ಇವಳ ಕೋಪ ಇಳಿದಿದೆ, ನಾಳೆ ಸೀಟು ನೋಡಿದರೆ ಹಾರಿ ಕೂರುತ್ತಾಳೆ ಎಂದು ಖುಷಿಯಿಂದ ಮಲಗಿದ. ಇಂಥ ಮನುಷ್ಯನನ್ನು ಬೈಯಬೇಕೋ, ಕೆನ್ನೆ ಹಿಂಡಬೇಕೋ, ಇಂದಿಗೂ ಊರಿಗೆ ತೀರ್ಮಾನವಾಗಿಲ್ಲ.

ಶನಿವಾರ ಬೆಳಿಗ್ಗೆ ಎವಾರಿಸ್ತೊನ ಮನೆಯ ಮುಂದೆ ಊರಿನ ಅರ್ಧ ಜನ ಅಕಸ್ಮಾತ್ತಾಗಿ ಸೇರಿದ್ದರು. ದೋನ್ಯಾ ಚೋಲಾ ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು. ಪಾದ್ರಿಗಳು ವಾಯುವಿಹಾರಕ್ಕೆ ಬಂದಿದ್ದರು. ನ್ಯಾಯಾಧೀಶರು ನಾಯಿಯನ್ನು ಕರೆದುಕೊಂಡು ಬಂದಿದ್ದರು, ಅದೂ ಬೇರೆಯವರ ನಾಯಿ. ಫೆರ್ಮೀನ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಮೂಲೆಯಲ್ಲಿ ನಿಂತಿದ್ದ. ಗೇಟಿನ ಎದುರು ಮಾತ್ರ ಯಾವ ನೆಪವೂ ಇಲ್ಲದೆ, ರಕ್ತದ ಏಪ್ರನ್ನಿನಲ್ಲೇ, ರೊಹೇಲಿಯೊ ನಿಂತಿದ್ದ.

ಶೆಡ್ಡಿನ ಬಾಗಿಲು ತೆರೆಯಿತು. ಹಳದಿ ಕಾರು ಮೆಲ್ಲಗೆ ಹೊರಗೆ ಬಂತು. ಒಳಗೆ ಎವಾರಿಸ್ತೊ ಎರಡು ಬೃಹತ್ ತೋಳುಗಳ ನಡುವೆ ಕುತ್ತಿಗೆಯವರೆಗೆ ಹೂತುಹೋಗಿದ್ದ. ಟೋಪಿ, ಮೀಸೆ ಮತ್ತು ಒಂದು ದೊಡ್ಡ ನಗೆ ಮಾತ್ರ ಕಾಣುತ್ತಿತ್ತು.

“ನನ್ನ ಹೆಣದ ಮೇಲೆ ಹತ್ತಿಸ್ಕೊಂಡು ಹೋಗು!” ಎಂದು ರೊಹೇಲಿಯೊ ಗುಡುಗಿದ.

“ಯಾಕೆ ಭಾವ? ನೀನೂ ಬರ್ತೀಯಾ? ಹಿಂದೆ ಜಾಗ ಇದೆ.”

ಅಷ್ಟರಲ್ಲಿ ಮನೆಯ ಬಾಗಿಲಿನಿಂದ ನೇಲಿದಾ ಬಂದಳು. ಒಂದು ಕೈಯಲ್ಲಿ ಅವಳ ಪುಟ್ಟ ಕೈಚೀಲ. ಇನ್ನೊಂದು ಕೈಯಲ್ಲಿ, ಹೊರಲಾರದೆ ಹೊತ್ತುಕೊಂಡ ದೊಡ್ಡ ಸೂಟ್‌ಕೇಸು. ಅದನ್ನು ಕಾರಿನ ಪಕ್ಕ ಇಟ್ಟಳು.

“ಶರ್ಟುಗಳೆಲ್ಲ ಇದರಲ್ಲಿದೆ,” ಎಂದಳು. ದನಿ ಗಟ್ಟಿಯಾಗಿಯೇ ಇತ್ತು. “ಚಳಿಗೆ ಹಾಕ್ಕೊಳ್ಳೋ ಉಣ್ಣೆ ಚಡ್ಡಿ ಕೆಳಗಿದೆ. ಮುಲಾಮು ಪಕ್ಕದ ಜೇಬಲ್ಲಿದೆ. ರಾತ್ರಿ ಹಚ್ಕೊಂಡ ಮೇಲೆ ಕಿಟಕಿ ಹಾಕ್ಕೋಬೇಕು, ಮರೀಬೇಡ.”

“ಎರಡು ದಿನಕ್ಕೆ ಇಷ್ಟೊಂದ್ ಶರ್ಟು ಯಾಕೆ?”

“ಅಲ್ಲಿ ಯಾರು ಇಸ್ತ್ರಿ ಮಾಡ್ಕೊಡ್ತಾರೆ ನಿಂಗೆ?”

“ಎಲ್ಲಿ?”

“ನೀನು ಹೋಗೋ ಕಡೆ.”

“ನಾನೆಲ್ಲಿ ಹೋಗ್ತೀನಿ? ಮೊಮ್ಮಗನ ಹತ್ರ ಹೋಗ್ತಾ ಇದೀನಿ. ನಿನ್ನ ಜೊತೆ! ಅದಕ್ಕೇ ಅಲ್ವಾ ವಾರದಿಂದ ಸಾಯ್ತಾ ಇರೋದು? ಸೀಟು ನೋಡು ಸೀಟು!”

“ಸುಳ್ಳು!” ಎಂದು ದೋನ್ಯಾ ಚೋಲಾ ಪೊರಕೆ ಎತ್ತಿದಳು. “ಆ ದಪ್ಪ ಹೆಂಗಸು ಯಾರು ಹಾಗಾದ್ರೆ? ಗುರುವಾರ, ಹೂವಿನ ತಲೆವಸ್ತ್ರದವಳು? ಅಪ್ಕೊಂಡಿದ್ದು ನಾನು ಕಣ್ಣಾರೆ ನೋಡಿದೆ!”

ಎವಾರಿಸ್ತೊ ಬಹಳ ಹೊತ್ತು ಯೋಚಿಸಿದ. “ಅದು ಆಲೂಗಡ್ಡೆ,” ಎಂದ.

ಶೆಡ್ಡಿನ ಮೂಲೆಯಲ್ಲಿ ಮೂಟೆ ಇನ್ನೂ ತಲೆವಸ್ತ್ರ ಕಟ್ಟಿಕೊಂಡು ಕೂತಿತ್ತು. ಊರೆಲ್ಲ ಅದನ್ನು ನೋಡಿತು, ಆಮೇಲೆ ದೋನ್ಯಾ ಚೋಲಾಳನ್ನು ನೋಡಿತು. ಅವಳು ತಿರುಗಿ ಗುಡಿಸಲು ಶುರುಮಾಡಿದಳು.

“ಮತ್ತೆ ಉಣ್ಣೆ?” ಎಂದು ಫೆರ್ಮೀನ್ ನಡುಗುವ ದನಿಯಲ್ಲಿ ಕೇಳಿದ. “ಉಣ್ಣೆ ಪಾಲು ಕೇಳಿದ್ಯಲ್ಲಪ್ಪಾ. ಸಂಸಾರ ಮುರಿಯೋರು ಕೇಳೋ ಹಾಗೆ!”

“ಪಾಲಾ? ಯಾವ ಪಾಲು? ಎಲ್ಲಾ ಇಲ್ಲೇ ಇದೆ, ಈ ದಿಂಬಿನೊಳಗೆ. ಹೇಳೋಕೆ ಮರೆತೆ, ನೀವು ಮಾಡಿದ್ದು ಸರಿಯಲ್ಲ ದೋನ್ ಫೆರ್ಮೀನ್. ಗಡುಸು ಉಣ್ಣೆ ಕೊಡಿ ಅಂದ್ರೆ ಬೆಣ್ಣೆ ಹಂಗಿರೋದು ಕೊಟ್ರಿ. ಎಷ್ಟು ತುರುಕಿದ್ರೂ ಸಾಲಲಿಲ್ಲ.”

ಫೆರ್ಮೀನ್ ನೇಲಿದಾಳ ಕಡೆ ನೋಡಿದ. ಅವಳು ಬೇಡ ಎನ್ನುವಂತೆ ತಲೆಯಾಡಿಸಿದಳು. ಆದರೆ ಫೆರ್ಮೀನ್ ಗುಟ್ಟು ಕಾಪಾಡಿದ್ದು ಆ ವಾರಕ್ಕೆ ಸಾಕಾಗಿಹೋಗಿತ್ತು.

“ನಾನಲ್ಲಪ್ಪಾ. ಮಂಗಳವಾರ ಇವಳು ಬಂದ್ಲು, ವಿಷಯ ಕಿವಿಗೆ ಬಿದ್ದು. ಜಗಳಕ್ಕೆ ಬಂದಿದಾಳೆ ಅಂದ್ಕೊಂಡೆ. ‘ಫೆರ್ಮೀನ್, ಅವನಿಗೆ ಅವರಮ್ಮನ ಉಣ್ಣೆ ಕೊಡ್ಬೇಡ, ಅದು ಚುಚ್ಚುತ್ತೆ, ಸೊಂಟ ನೋವಿನ ಮನುಷ್ಯ’ ಅಂದ್ಲು. ‘ನಮ್ಮಪ್ಪಂದು ಕೊಡು. ಎಲ್ಲಿ ಹೋಗಿ ಮಲಗಿದ್ರೂ ನಿದ್ದೆ ಬರ್ಲಿ’ ಅಂದ್ಲು. ನಂಗೆ ಕುಂತಲ್ಲೇ ಅಳು ಬಂತು ಕಣಯ್ಯಾ.”

ರೊಹೇಲಿಯೊ ಏಪ್ರನ್ನಿನಿಂದ ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ರಕ್ತ ಮಾಡಿಕೊಂಡ.

ಎವಾರಿಸ್ತೊನ ಮೀಸೆ ಅದುರಿತು. ಅವನು ಇಳಿದು ಅವಳ ಹತ್ತಿರ ಹೋಗಬೇಕೆಂದು ಏಳಲು ನೋಡಿದ. ಸೀಟು ಬಿಡಲಿಲ್ಲ. ಮತ್ತೆ ಕೊಸರಾಡಿದ. ಉಣ್ಣೆಯ ತೋಳುಗಳು ಇನ್ನಷ್ಟು ಅಪ್ಪಿದವು. ಕೈ ಮಾತ್ರ ಹೊರಗೆ ಚಾಚಿ “ನೇಲಿದಾ,” ಎಂದ, “ನೇಲಿದಾ, ನನ್ನ ಕೈಲಿ ಏಳೋಕಾಗ್ತಿಲ್ಲ ಕಣೇ,” ಎಂದು ಅಳತೊಡಗಿದ.

ನೇಲಿದಾ ಕಾರನ್ನು ಸುತ್ತಿಕೊಂಡು ಹೋಗಿ ಆಚೆಯ ಬಾಗಿಲು ತೆಗೆದಳು. ಸೀಟನ್ನು ನೋಡಿದಳು, ತನ್ನ ಸೊಂಟ ನೋಡಿಕೊಂಡಳು. ರೊಹೇಲಿಯೊ ಬಂದು ತಂಗಿಯನ್ನು ಹೆಗಲು ಹಿಡಿದು ಒಳಗೆ ಒತ್ತಬೇಕಾಯಿತು, ಪಾದ್ರಿಗಳು ಬಾಗಿಲು ತಳ್ಳಬೇಕಾಯಿತು. ಫ್ಲಾಸ್ಕನ್ನು ದೋನ್ಯಾ ಚೋಲಾಳೇ ಒಳಗಿನಿಂದ ತಂದುಕೊಟ್ಟಳು.

“ಇನ್ನೇನು ನೋಡ್ತಾ ಕೂತಿದೀಯಾ?” ಎಂದಳು ನೇಲಿದಾ, ನೇರ ಮುಂದೆ ನೋಡುತ್ತಾ. ಪಕ್ಕಕ್ಕೆ ತಿರುಗಲು ಆಗುತ್ತಿರಲಿಲ್ಲ. “ಹೊರಡು.”

ಸೀಟಿನ ಬಗ್ಗೆ ಎವಾರಿಸ್ತೊ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಡ ತಿರುವು ಬಂತು, ನೇಲಿದಾ ಅಲ್ಲಾಡಲಿಲ್ಲ. ಬಲ ತಿರುವು ಬಂತು, ಅಲ್ಲಾಡಲಿಲ್ಲ. ಪಾದ್ರಿಯ ಮೊಳಕೈಯಲ್ಲಿ ಟೈರುಗಳು ಚೀರುತ್ತಿದ್ದಾಗ ಅವಳು ಬುರುಡೆಗೆ ಅಂಚಿನವರೆಗೆ ನೀರು ಹೊಯ್ದಳು, ಒಂದು ತೊಟ್ಟು ಚೆಲ್ಲಲಿಲ್ಲ. ಮಾಟೆಯನ್ನು ಅವನಿಗೆ ದಾಟಿಸುವುದು ಮಾತ್ರ ಕಷ್ಟವಾಯಿತು. ಇಬ್ಬರ ನಡುವೆ ಎರಡು ದಿಂಬುಗಳ ಗೋಡೆಯಿತ್ತು. ಅವಳ ಮುಖ ಕೂಡ ಅವನಿಗೆ ಕಾಣುತ್ತಿರಲಿಲ್ಲ.

“ನಾನು ಬಿಟ್ಟು ಹೋಗ್ತೀನಿ ಅಂತ ನೀನೂ ನಂಬಿಬಿಟ್ಯಾ?” ಎಂದು ಅವನು ದಿಂಬಿನ ಈಚೆಯಿಂದ ಕೇಳಿದ.

“ಮಂಗಳವಾರ ಚೋಲಾ ಬಂದು ಉಣ್ಣೆ ವಿಷಯ ಹೇಳಿದಾಗ ನಂಬಿರಲಿಲ್ಲ. ಫೆರ್ಮೀನ್ ಮುಖ ನೋಡಿ ನಂಬಿದೆ.”

“ನನ್ನ ಒಂದ್ ಮಾತು ಕೇಳಬಾರದಿತ್ತಾ?”

“ಕೇಳಿದಾಗ ನೀನು ಹೌದು ಅಂದ್ಬಿಟ್ಟಿದ್ರೆ?”

ಎವಾರಿಸ್ತೊ ಮಾಟೆಯನ್ನು ಕೊನೆಯ ತೊಟ್ಟಿನವರೆಗೆ ಹೀರಿ, ಬುರುಡೆಯನ್ನು ದಿಂಬಿನ ಮೇಲಿಂದ ವಾಪಸ್ ಕೊಟ್ಟ.

ನೆತ್ತಿಯ ಮೇಲೆ, ಕಾರುಗಳು ನಿಂತು ಸುಧಾರಿಸಿಕೊಳ್ಳುವ ಜಾಗದಲ್ಲಿ, ನಿಲ್ಲಿಸು ಎಂದಳು ನೇಲಿದಾ. ನಿಲ್ಲಿಸಿದ. ಮೊಮ್ಮಗನ ನಿಲುವಂಗಿಯ ಅಂಚು ಇನ್ನೂ ಹೊಲಿಯಬೇಕಿದ್ದರಿಂದ ಅವಳ ಕೈಚೀಲದಲ್ಲಿ ಕತ್ತರಿಯಿತ್ತು. ಅದನ್ನು ತೆಗೆದು, ತನ್ನ ಎಡಗಡೆಯ ದಿಂಬಿನ ಹೊಲಿಗೆಗೆ ಹಾಕಿ ಚರ್ರನೆ ಬಿಚ್ಚಿದಳು.

“ಅಯ್ಯೋ, ಏನೇ ಮಾಡ್ತಿದೀಯಾ!”

ಅವಳು ಬಾಚಿ ಬಾಚಿ ಉಣ್ಣೆ ಕಿತ್ತು ಹಿಂದಿನ ಸೀಟಿಗೆ ಎಸೆದಳು. ಅದು ಮುಗಿದ ಮೇಲೆ ಅವನ ಬಲಗಡೆಯ ದಿಂಬಿಗೂ ಕತ್ತರಿ ಇಟ್ಟಳು. ಕಾರಿನ ತುಂಬ ಬಿಳಿ ಉಣ್ಣೆ ಹಾರಾಡಿ ಅವನ ಮೀಸೆಗೆ, ಅವಳ ಕಪ್ಪು ಉಡುಪಿಗೆ ಅಂಟಿಕೊಂಡಿತು.

“ನೇಲಿದಾ, ಅದೇ ಬೇಕಾದ್ದು! ಬಲ ತಿರುವಲ್ಲಿ ನಿನ್ನ ಹಿಡಿಯೋದು ಅದೇ! ಬೇಕಿದ್ರೆ ಬಾಗಿಲ ಕಡೇದು ಕಿತ್ಹಾಕು!”

“ಬಾಗಿಲ ಕಡೇದು ಇರ್ಲಿ. ಬಾಗಿಲು ಗಟ್ಟಿ, ಪಕ್ಕೆಗೆ ಬಡಿಯುತ್ತೆ.” ಕೊನೆಯ ಹಿಡಿ ಉಣ್ಣೆ ಕಿತ್ತು ಹಿಂದಕ್ಕೆ ಹಾಕಿದಳು. ಈಗ ಅವಳ ಮುಖ ಕಾಣಿಸಿತು. “ಈ ಕಡೆ ನೀನಿದೀಯಲ್ಲ.”

ಎವಾರಿಸ್ತೊ ತೋಳಿನಿಂದ ಮೂಗು ಒರೆಸಿಕೊಂಡು ಕಾರು ಚಾಲು ಮಾಡಿದ. ಅವಳು ಮಾಟೆಗೆ ನೀರು ಹೊಯ್ದಳು.

ಇಳಿಜಾರಿನ ಮೊದಲ ತಿರುವು ಬಲಕ್ಕಿತ್ತು. ಎವಾರಿಸ್ತೊ ಅದನ್ನು ಎಷ್ಟು ನಿಧಾನವಾಗಿ ತಿರುಗಿಸಿದನೆಂದರೆ ಜಾರುವುದಕ್ಕೆ ಕಾರಣವೇ ಇರಲಿಲ್ಲ. ಆದರೂ ನೇಲಿದಾ ಜಾರಿ ಬಂದಳು.